ಕಳಚುವ ಚೀಲ, ಕದಿಯುವ ಡಬ್ಬಿ

'ಸ್ಟಾರ್ ಸಿಟಿಜನ್' ಆಟದ 'ಪ್ರಾಸ್ಪೆಕ್ಟರ್' ಹಡಗಿಗೆ ಮಲ್ಲೇಶ್ವರ, ಬಸವನಗುಡಿಯ ಆಟಗಾರರ ನಡುವೆ ದೊಡ್ಡ ಹೆಸರಿದೆ. ಕ್ಷುದ್ರಗ್ರಹ ಅಗೆಯುವ ಒಂಟಿಯಾಳಿನ ಹಡಗು ಅದು. ಮೈಗೆ ಕಚ್ಚಿಕೊಂಡ ಚೀಲಗಳಲ್ಲಿ ಒಟ್ಟು 32 ಎಸ್‌ಸಿಯು (ಆಟದ ಸರಕಿನ ಅಳತೆ) ಅದಿರು ಹಿಡಿಯುತ್ತದೆ. ತುಂಬಿದ್ದನ್ನು ಕಳಚಿ ಖಾಲಿಯದನ್ನು ಸಿಕ್ಕಿಸಬಹುದು ಎಂಬುದೇ ಅದರ ಹೆಗ್ಗಳಿಕೆ. ಗಣಿ ಆಟಗಳಲ್ಲಿ ಇದಕ್ಕಿಂತ ಒಳ್ಳೆಯ ಕಲ್ಪನೆ ಬಂದಿಲ್ಲವೆಂದು ಆಣೆ ಇಟ್ಟು ಹೇಳುವವರಿದ್ದಾರೆ. ಬಂದಿದೆ, ಬಹಳ ಹಿಂದೆಯೇ. 2003ರಲ್ಲಿ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ ಹೊರತಂದ 'ಈವ್ ಆನ್‌ಲೈನ್'ನ ಒಂದು ಕುರೂಪಿ ಡಬ್ಬಿ ಈ ಚೀಲವನ್ನು ಎಂದೋ ಸೋಲಿಸಿದೆ.

ಚೀಲ ಚೆಲುವಾಗಿದೆ, ಇಲ್ಲವೆನ್ನುವುದಿಲ್ಲ. 2018ರಲ್ಲಿ ಪ್ರಾಸ್ಪೆಕ್ಟರ್ ಹಾರಿಸಲು ಸಿಕ್ಕಾಗ ಲೇಸರ್ ಕಾವಿಗೆ ಬಂಡೆ ಸಿಡಿಯುವುದನ್ನು ನಾನೂ ಬಾಯಿ ಬಿಟ್ಟುಕೊಂಡೇ ನೋಡಿದೆ. ಆದರೆ ಕಳಚಿದ ಚೀಲವನ್ನು ಎತ್ತಿಕೊಳ್ಳುವವರು ಯಾರು? ತರಗುಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಯಿತೆಂದರೆ ಹೊರುವ ಹಮಾಲಿ, ಚೀಟಿ ಬರೆಯುವ ಗುಮಾಸ್ತ, ಬೆಲೆ ಕಟ್ಟುವ ದಲ್ಲಾಳಿ, ಜತೆಗೆ ಕಣ್ಣು ಹಾಕಿದ ಕಳ್ಳ, ಎಲ್ಲರೂ ಅದರ ಸುತ್ತ ಹುಟ್ಟಿಕೊಳ್ಳುತ್ತಾರೆ. ನಾನು ಕಂಡ ಪ್ರಾಸ್ಪೆಕ್ಟರ್ ಚಾಲಕರು ಚೀಲ ತುಂಬಿಸಿಕೊಂಡು ತಾವೇ ಸಂಸ್ಕರಣಾ ನಿಲ್ದಾಣಕ್ಕೆ ಹೋಗಿ ಸುರಿದು ಬರುತ್ತಾರೆ. ಹಾಗಿದ್ದ ಮೇಲೆ ಕಳಚಿದರೆಷ್ಟು, ಬಿಟ್ಟರೆಷ್ಟು?

ಈಗ ಆ ಡಬ್ಬಿಗೆ ಬನ್ನಿ. ಈವ್‌ನಲ್ಲಿ ಬೇಡದ ಸರಕನ್ನು ಹಡಗಿನಿಂದ ಹೊರಹಾಕಲು ಒಂದು ಸೌಲಭ್ಯವಿದೆ. ಹೊರಹಾಕಿದ ಸರಕು ಡಬ್ಬಿಯಾಗಿ ತೇಲುತ್ತದೆ. ಅದರಲ್ಲಿ 27,500 ಘನ ಮೀಟರ್ ಹಿಡಿಯುತ್ತದೆ. ಆಗಿನ ಗಣಿ ಹಡಗುಗಳ ಹೊಟ್ಟೆ ಅದರ ಮುಂದೆ ಏನೇನೂ ಅಲ್ಲ. ಗಣಿಗಾರರು ಕಸದ ಬುಟ್ಟಿಯನ್ನೇ ಕಣಜ ಮಾಡಿಕೊಂಡರು. ಒಬ್ಬ ಅಗೆದು ಡಬ್ಬಿಗೆ ಸುರಿಯುವುದು, ಇನ್ನೊಬ್ಬ ಸಾಗಣೆ ಹಡಗು ತಂದು ಒಯ್ಯುವುದು. ಸುಮಾರು ಎರಡು ಗಂಟೆಯೊಳಗೆ ಒಯ್ಯದಿದ್ದರೆ ಡಬ್ಬಿಯೂ ಮಾಯ, ಅದಿರೂ ಮಾಯ. ಈ ಗಡುವು ಇಲ್ಲದಿದ್ದರೆ ಸಾಗಣೆಯವನ ದಾರಿ ಕಾಯುವ ತಳಮಳವೇ ಇರುತ್ತಿರಲಿಲ್ಲ.

ಡಬ್ಬಿಗೆ ಬೀಗವಿಲ್ಲ, ಒಡೆಯ ಮಾತ್ರ ಇದ್ದಾನೆ. ಹಳೆಯ ನಿಯಮದ ಪ್ರಕಾರ ಪರರ ಡಬ್ಬಿಗೆ ಕೈ ಹಾಕಿದವನ ಮೇಲೆ ಗುಂಡು ಹಾರಿಸುವ ಹಕ್ಕು ಒಡೆಯನಿಗೆ 15 ನಿಮಿಷ ಸಿಗುತ್ತಿತ್ತು. ಸುರಕ್ಷಿತ ವಲಯ ಕಾಯುವ ಕಾಂಕಾರ್ಡ್ ಪೊಲೀಸರು ಅಡ್ಡ ಬರುತ್ತಿರಲಿಲ್ಲ. ನ್ಯಾಯವಾಗಿಯೇ ಇದೆಯಲ್ಲ ಎನ್ನಿಸುತ್ತದೆ. ಕಳ್ಳ ಮಾಡುತ್ತಿದ್ದುದು ನೋಡಿ: ಅದಿರನ್ನು ಒಯ್ಯುತ್ತಲೇ ಇರಲಿಲ್ಲ. ಪಕ್ಕದಲ್ಲೇ ತನ್ನದೊಂದು ಡಬ್ಬಿ ಬಿಟ್ಟು ಅದಕ್ಕೆ ವರ್ಗಾಯಿಸಿ ಸುಮ್ಮನೆ ನಿಲ್ಲುತ್ತಿದ್ದ. ಹೊಸಬ ಗಣಿಗಾರ ಉರಿದುಕೊಂಡು ತನ್ನ ಅದಿರನ್ನು ತಾನೇ ವಾಪಸು ತೆಗೆದುಕೊಂಡನೋ, ಕಾಯಿದೆಯ ಕಣ್ಣಿನಲ್ಲಿ ಈಗ ಅವನೇ ಕಳ್ಳ. ಗುಂಡಿನ ಹಕ್ಕು ಅತ್ತ ಕಡೆಗೂ ಹೋಯಿತು. ಕಾದು ನಿಂತಿದ್ದ ಯುದ್ಧನೌಕೆ ಗಣಿ ಹಡಗನ್ನು ಪುಡಿ ಮಾಡುತ್ತಿತ್ತು, ಪೊಲೀಸರು ನೋಡುತ್ತಿದ್ದರು. ಅದಿರಿಗಿಂತ ಅದಿರಿನವನ ಸಿಟ್ಟು ಕಳ್ಳನಿಗೆ ಬೆಲೆಬಾಳುವ ಸರಕು. ಒಡೆತನ ಬೆವರಿಗೋ ಡಬ್ಬಿಗೋ ಎಂಬ ಪ್ರಶ್ನೆಯನ್ನು ಇಷ್ಟು ಕ್ರೂರವಾಗಿ, ಒಂದು ಮಾತೂ ಆಡದೆ ಕೇಳಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ.

2012ರಲ್ಲಿ ಸಿಸಿಪಿ ಗಣಿ ಹಡಗುಗಳಿಗೆ ದೊಡ್ಡ ಅದಿರು ಕೋಣೆ ಕೊಟ್ಟಿತು. ಅದೇ ಡಿಸೆಂಬರಿನ 'ರೆಟ್ರಿಬ್ಯೂಶನ್' ಪರಿಷ್ಕರಣೆಯಲ್ಲಿ ಡಬ್ಬಿ ಕದ್ದವನ ಮೇಲೆ ಯಾರು ಬೇಕಾದರೂ ಗುಂಡು ಹಾರಿಸುವಂತಾಯಿತು. ಆಟಗಾರರಿಗೆ ನೆಮ್ಮದಿ ಸಿಕ್ಕಿತು. ಡಬ್ಬಿಯ ಕಾವು ಆರಿತು.

ಚೀಲದ ಪರ ವಾದಿಸುವ ಮಿತ್ರರ ಕೊನೆಯ ಅಸ್ತ್ರ ವಾಸ್ತವಿಕತೆ. ವಾಸ್ತವದಲ್ಲಿ ಏನಾಯಿತು? ಜಪಾನಿನ ಹಯಬುಸಾ-2 ನೌಕೆ ರ್‍ಯುಗು ಕ್ಷುದ್ರಗ್ರಹದ ಮಣ್ಣಿದ್ದ ಕೋಶವನ್ನು ಭೂಮಿಯಿಂದ ಸುಮಾರು 2,20,000 ಕಿ.ಮೀ. ದೂರದಲ್ಲಿ ಕಳಚಿ, ತಾನು ಬೇರೊಂದು ಕ್ಷುದ್ರಗ್ರಹದತ್ತ ಹೊರಟಿತು. ಕೋಶ 2020ರ ಡಿಸೆಂಬರ್ 6ರಂದು ಆಸ್ಟ್ರೇಲಿಯಾದ ವೂಮೆರಾದಲ್ಲಿ ಇಳಿಯಿತು, ಒಳಗಿದ್ದದ್ದು 5.4 ಗ್ರಾಂ. ನಾಸಾದ ಒಸಿರಿಸ್-ರೆಕ್ಸ್ ಕೂಡ 2023ರಲ್ಲಿ 'ಬೆನ್ನು' ಕ್ಷುದ್ರಗ್ರಹದ 121.6 ಗ್ರಾಂ ಮಣ್ಣು ಇಳಿಸಿ ಮುಂದಕ್ಕೆ ನಡೆಯಿತು. ಹೊರೆ ಒಂದು ದಾರಿ, ಹಡಗು ಇನ್ನೊಂದು ದಾರಿ. ಇಳಿದದ್ದನ್ನು ಎತ್ತಿಕೊಳ್ಳಲು ನೆಲದಲ್ಲಿ ಜನ ಸಿದ್ಧ. ಈವ್‌ನ ಗಣಿಗಾರನೂ ಸಾಗಣೆಯವನೂ ಮಾಡುತ್ತಿದ್ದುದು ಇದನ್ನೇ. ಚೀಲ ಹೊತ್ತೇ ಮನೆಗೆ ಮರಳುವ ಪ್ರಾಸ್ಪೆಕ್ಟರ್‌ಗೆ ವಾಸ್ತವದ ಬಣ್ಣವಿದೆ, ನಡತೆಯಿಲ್ಲ.

ಇನ್ನು ನಮ್ಮ ಹಿರಿಯ ವಿಮರ್ಶಕರು. ಗಾಂಧಿಬಜಾರಿನ ಕಾಫಿ ಮೇಜಿನ ಸುತ್ತ ಕಂಪ್ಯೂಟರ್ ಆಟದ ಮಾತೆತ್ತಿದರೆ 'ಅದಕ್ಕೂ ವಿಮರ್ಶೆಯೇನಪ್ಪಾ' ಎಂದು ನಗುತ್ತಾರೆ. ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆ ಇದೇ ಬೆಂಗಳೂರಿನಲ್ಲಿ 1997ರಲ್ಲಿ ಶುರುವಾಗಿ, ಹೊರದೇಶದ ಆಟಗಳಿಗೆ ವರ್ಷಗಟ್ಟಲೆ ಕಲಾಕೆಲಸ ಮಾಡಿಕೊಟ್ಟು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ಕೈ ಸೇರಿತು. ಇಷ್ಟಾದರೂ ಆಟದ ಒಂದು ನಿಯಮವನ್ನು ಕೂತು ಓದಿದ ಕನ್ನಡ ಲೇಖನ ಅಪರೂಪ. ನಾಟಕದಲ್ಲಿ ಪಾತ್ರ ಕದ್ದರೆ ಪುಟಗಟ್ಟಲೆ ಬರೆಯುವವರು, ಆಡುವವನೇ ಕಳ್ಳನಾಗುವ ನಿಯಮ ಕಂಡು ಮುಖ ತಿರುಗಿಸುವುದು ಅಭಿರುಚಿಯಲ್ಲ, ಸೋಮಾರಿತನ. ಓದುವವರಿಲ್ಲದ್ದರಿಂದಲೇ ಹುಡುಗರು ಹೊಳಪನ್ನು ವಿನ್ಯಾಸವೆಂದು ನಂಬಿದ್ದಾರೆ. 2012ರಿಂದ ಆಟಗಾರರ ಹಣದಲ್ಲೇ ಕಟ್ಟುತ್ತಿರುವ 'ಸ್ಟಾರ್ ಸಿಟಿಜನ್' 70 ಕೋಟಿ ಡಾಲರಿಗೂ ಹೆಚ್ಚು ಎತ್ತಿ, ಇನ್ನೂ ಆಲ್ಫಾ ಹಂತದಲ್ಲಿದೆ.

ಪ್ರಾಸ್ಪೆಕ್ಟರ್‌ಗೆ ಡಾಲರ್ ಎಣಿಸುವ ಮುನ್ನ ಈವ್ ಆಡಿ ನೋಡಿ. 2016ರ ನವೆಂಬರಿನಿಂದ ಅದಕ್ಕೆ ಪ್ರವೇಶ ಪುಕ್ಕಟೆ. 'ವೆಂಚರ್' ಎಂಬ ಪುಟ್ಟ ಗಣಿ ಹಡಗೂ ಹೊಸಬರಿಗೆ ಸಿಗುತ್ತದೆ. ಒಂದಿಷ್ಟು ವೆಲ್ಡ್‌ಸ್ಪಾರ್ ಅದಿರು ಅಗೆದು ಡಬ್ಬಿಗೆ ಹಾಕಿ, ಯಾರು ಬರುತ್ತಾರೋ ಕಾಯಿರಿ.