ಜೇಡಿಮಣ್ಣಿಗೆ ಬಿಲ್ ಎಲ್ಲಿಂದ ತರೋಣ?

ತೀರ್ಥಹಳ್ಳಿ ಕಡೆಯ ಗೆಳತಿಯೊಬ್ಬಳು ಕೋಲ್ಕತ್ತದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಉತ್ತರ ಕೋಲ್ಕತ್ತದ ಪುಟ್ಟ ಶಾಲೆಯೊಂದರಲ್ಲಿ ಶನಿವಾರ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುತ್ತಾಳೆ. ಕುಮಾರ್‌ಟುಲಿಯ ಮೂರ್ತಿಕಾರರಿಗೆ ಹೂಗ್ಲಿ ನದಿಯ ದೋಣಿಯಲ್ಲಿ ಬರುವ ಜೇಡಿಮಣ್ಣನ್ನೇ ಇವಳೂ ನಾಲ್ಕು ಬುಟ್ಟಿ ಕೊಳ್ಳುತ್ತಾಳೆ. ಕಳೆದ ಸಲ ಸಣ್ಣದೊಂದು ಅನುದಾನಕ್ಕೆ ಅರ್ಜಿ ಹಾಕುವಾಗ ರಾತ್ರಿ ಫೋನ್ ಮಾಡಿದಳು: ‘ಮೂರು ಕಡೆಯ ಕೊಟೇಶನ್ ಲಗತ್ತಿಸಿ ಅಂತಿದೆ ಮಾರಾಯ. ಮಣ್ಣು ಹೊತ್ತು ಹಾಕೋನ ಹತ್ರ ಕೊಟೇಶನ್ ಕೇಳಿದ್ರೆ ಬುಟ್ಟಿ ಅಲ್ಲೇ ಬಿಟ್ಟು ಓಡಿಹೋಗ್ತಾನೆ.’

ಆ ರಾತ್ರಿಯಿಂದ ಫೋನಿನಲ್ಲೇ ಇಬ್ಬರೂ ಸೇರಿ ಅರ್ಜಿ ತುಂಬತೊಡಗಿದೆವು. ಕಥೆ, ಕವಿತೆ, ನಾಟಕಗಳನ್ನು ವಿಮರ್ಶೆಗೆ ಒಡ್ಡುವ ನಾವು ಅವುಗಳ ಹಿಂದಿನ ಈ ಕಾಗದವನ್ನು ಸುಮ್ಮನೆ ಬಿಟ್ಟಿದ್ದೇವೆ. ಶಾಲೆಯಲ್ಲಿ ಯಾವ ಕಲೆ ನಡೆಯಬೇಕು, ಯಾವುದು ನಡೆಯಬಾರದು ಎಂಬುದು ಎಷ್ಟೋ ಸಲ ಇದರ ಮೇಲೆಯೇ ತೀರ್ಮಾನವಾಗುತ್ತದೆ.

ಮೊದಲು ಅರ್ಜಿಯ ಗುಣ ಹೇಳಬೇಕು. ‘ಈ ಮಕ್ಕಳಿಗೆ ಈ ಕಲೆಯೇ ಯಾಕೆ?’ ಎಂಬ ಪ್ರಶ್ನೆಗೆ ಗೆಳತಿ ಎರಡು ದಿನ ಪೆನ್ನು ಕಚ್ಚಿದಳು. ಮಕ್ಕಳಿಂದ ಪುಟ್ಟ ಪುಟ್ಟ ದುರ್ಗೆಯರನ್ನು ಮಾಡಿಸುವುದು ಅವಳ ಯೋಜನೆ. ಬರೆಯುತ್ತಾ ಹೋದಂತೆ, ಅದು ಬರೀ ನಕಲು ಮಾಡಿಸುವ ಕೆಲಸವಾದೀತು ಎಂದು ಅವಳಿಗೇ ಹೊಳೆಯಿತು. ದುರ್ಗೆಯರ ಜಾಗಕ್ಕೆ ಮಕ್ಕಳ ಓಣಿ ಬಂತು: ಬೀದಿ ನಲ್ಲಿ, ಚಹಾದಂಗಡಿ, ಟ್ರಾಮು, ಮೆಟ್ಟಿಲ ಮೇಲೆ ಮಲಗಿದ ನಾಯಿ. ದುಡ್ಡು ಬರುವ ಮೊದಲೇ ಅರ್ಜಿ ಅವಳ ಪಾಠವನ್ನು ತಿದ್ದಿತ್ತು. ಒಳ್ಳೆಯ ಪ್ರಶ್ನೆಗೆ ಅಷ್ಟು ಶಕ್ತಿಯಿದೆ.

ಎಡವಟ್ಟು ಶುರುವಾಗುವುದು ಮುಂದಿನ ಪುಟದಿಂದ. ‘ನಿರೀಕ್ಷಿತ ಫಲಿತಾಂಶ’ವನ್ನು ಅಂಕಿಯಲ್ಲಿ ಕೊಡಬೇಕು. ಒಣಗುವಾಗ ಬಿರುಕು ಬಿಡುವುದು ಮಣ್ಣಿನ ಸ್ವಭಾವ, ಯಾಕೆ ಬಿಟ್ಟಿತು ಎಂದು ಹುಡುಕುವುದೇ ಪಾಠ. ಅದಕ್ಕೆ ಅಲ್ಲಿ ಕಾಲಂ ಇಲ್ಲ. ಹಾಗಾಗಿ ಎಲ್ಲರೂ ‘ಮಕ್ಕಳ ಆತ್ಮವಿಶ್ವಾಸ ಹೆಚ್ಚುತ್ತದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಖರ್ಚಿನ ಪಟ್ಟಿಯಲ್ಲಿ ಬಣ್ಣ, ಕಾಗದ, ಬ್ಯಾನರ್, ಫೋಟೊ ಎಲ್ಲಕ್ಕೂ ಸಾಲು ಇತ್ತು. ಕಲಿಸುವವಳ ಸಂಭಾವನೆಗೆ ಇರಲಿಲ್ಲ. ಕಲೆಯೆಂದರೆ ಸೇವೆ ಎಂಬ ನಂಬಿಕೆ ಆ ಬಿಟ್ಟ ಸಾಲಿನಲ್ಲಿ ಕೂತಿದೆ.

ಸರ್ಕಾರದ ಬಾಗಿಲಿಗೆ ಹೋದರೆ ಹೊಸ್ತಿಲು ಇನ್ನೂ ಎತ್ತರ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ತಂಡಗಳಿಗಿರುವ ರೆಪರ್ಟರಿ ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ 2,000ದಿಂದ 10,000ದವರೆಗೆ ಕೊಡುತ್ತಾರೆ. ಗುರುವಿಗೂ ಹೊಟ್ಟೆಯಿದೆ ಎಂದು ಒಪ್ಪಿಕೊಂಡ ಯೋಜನೆ ಇದು, ಅಷ್ಟು ಮೆಚ್ಚಬೇಕು. ಆದರೆ ನೋಂದಾಯಿತ ಸಂಸ್ಥೆ ಬೇಕು, ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಪೋರ್ಟಲ್‌ನ ಸಂಖ್ಯೆ ಬೇಕು, ಆಡಿಟ್ ಬೇಕು, ಕೊನೆಗೆ ಹಣ ಬಳಕೆಯ ಪ್ರಮಾಣಪತ್ರ ಬೇಕು. ಒಂಟಿಯಾಗಿ ಕಲಿಸುವವರು ಹೊಸ್ತಿಲಲ್ಲೇ ಉಳಿಯುತ್ತಾರೆ. ಮೊದಲಾದರೆ ದೊಡ್ಡ ಸಂಸ್ಥೆಗಳು ತಮಗೆ ಬಂದ ವಿದೇಶಿ ನೆರವಿನಲ್ಲಿ ಚಿಕ್ಕವಕ್ಕೂ ಹಂಚುತ್ತಿದ್ದವು. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಬಂದ ತಿದ್ದುಪಡಿ ಆ ಕಾಲುವೆಯನ್ನೂ ಮುಚ್ಚಿತು.

ಗೆಳತಿಯ ಊರಿನಲ್ಲೇ ಇನ್ನೊಂದು ಸಣ್ಣ ಅನುದಾನ ನೋಡಿ. ಪಶ್ಚಿಮ ಬಂಗಾಳ ಸರ್ಕಾರ ದುರ್ಗಾಪೂಜೆಯ ಸಮಿತಿಗಳಿಗೆ 2018ರಲ್ಲಿ ತಲಾ 10,000 ರೂಪಾಯಿ ಕೊಟ್ಟಿತು. 2025ಕ್ಕೆ ಅದು 1,10,000 ಆಯಿತು. ಪೂಜೆಯೂ ಬೀದಿಗೆ ಬಂದ ಕಲೆಯೇ, 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಅದರ ಮೇಲೆ ನನಗೆ ತಕರಾರಿಲ್ಲ. ಐದು ದಿನದ ಮೂರ್ತಿಗೆ ಅಷ್ಟು ಸರಾಗವಾಗಿ ಬಿಚ್ಚುವ ಕೈ, ನಾಳೆ ಆ ಮೂರ್ತಿ ಮಾಡಬೇಕಾದ ಮಕ್ಕಳ ಹತ್ತಿರ ಬಂದಾಗ ಯಾಕೆ ಬಿಗಿಯಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಬಂಗಾಳಕ್ಕೆ ಈ ಪೇಚಾಟ ಹೊಸದೇನಲ್ಲ. ಎಪ್ಪತ್ತೈದರ ಹತ್ತಿರದ ರವೀಂದ್ರನಾಥ ಠಾಕೂರರು ವಿಶ್ವಭಾರತಿಯ ಸಾಲ ತೀರಿಸಲು 1936ರಲ್ಲಿ ನೃತ್ಯತಂಡ ಕಟ್ಟಿಕೊಂಡು ಉತ್ತರ ಭಾರತ ಸುತ್ತಿದರು. ಈ ವಯಸ್ಸಿನಲ್ಲಿ ಈ ತಿರುಗಾಟವೇ ಎಂದು ನೊಂದ ಗಾಂಧೀಜಿ ದೆಹಲಿಯಲ್ಲಿ 60,000 ರೂಪಾಯಿ ಹೊಂದಿಸಿಕೊಟ್ಟರು. ಬಂಗಾಳಿ ನಾಟಕಕಾರ ಬಾದಲ್ ಸರ್ಕಾರ್ ಬೇರೆ ದಾರಿ ಹಿಡಿದರು. ಅವರು ರಂಗಮಂದಿರ ಬಿಟ್ಟು ಪಾರ್ಕಿಗೆ ಬಂದರು, ನಾಟಕ ನೋಡಿದವರು ಕೊಟ್ಟಷ್ಟರಲ್ಲಿ ನಡೆಸಿದರು. ಯಾರ ಅರ್ಜಿಯೂ ಬೇಡ ಎನ್ನುವವರು ಅವರ ಹೆಸರು ಹೇಳುತ್ತಾರೆ. ಆದರೆ ‘ಮೂರನೇ ರಂಗಭೂಮಿ’ ಎಂದು ಅವರು ಕರೆದ ಆ ವಿಚಾರ ಪುಸ್ತಕವಾಗಿದ್ದು ನೆಹರೂ ಫೆಲೋಶಿಪ್‌ನ ಆಸರೆಯಲ್ಲಿ. ಸ್ವಾಭಿಮಾನಕ್ಕೂ ಎಲ್ಲೋ ಒಂದು ಊರುಗೋಲು ಬೇಕಾಗುತ್ತದೆ.

ಹಾಗಾದರೆ ಒಳ್ಳೆಯ ಅರ್ಜಿ ಹೇಗಿರಬೇಕು? ನಮ್ಮ ಮನೆಯಂಗಳದಲ್ಲೇ ಒಂದು ಮಾದರಿಯಿದೆ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ‘ಕಲಿ-ಕಲಿಸು’ ಎಂಬ ಹೆಸರಿನಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಮೇಷ್ಟರುಗಳಿಗೇ ನೇರ ಅನುದಾನ ಕೊಡುತ್ತಾ ಬಂದಿದೆ. ಕನ್ನಡದಲ್ಲೇ ಬರೆಯಬಹುದು. ಊರಿನ ಜಾನಪದ, ಸುತ್ತಲಿನ ಕುಶಲಕರ್ಮಿಗಳು, ಅಜ್ಜಿಯರ ಹಾಡು ಪಾಠದೊಳಗೆ ಬರಬಹುದು. ಬಂದ ಯೋಜನೆಯ ಬಗ್ಗೆ ಮಾತುಕತೆ ನಡೆಸಿ, ತಿದ್ದಿ ಬೆಳೆಸುತ್ತಾರೆ. ಇಲ್ಲಿಯೂ ಅರ್ಜಿ ಇದೆ, ಲೆಕ್ಕವೂ ಇದೆ. ಆದರೆ ನಂಬಿಕೆ ಮೊದಲು, ರಸೀದಿ ಆಮೇಲೆ. ಇದರ ಮಿತಿಯೂ ಗೊತ್ತಿರಲಿ: ರಾಜ್ಯದ ತುಂಬ ಶಾಲೆಗಳಿರುವಾಗ ಹೀಗೆ ಕೂತು ಮಾತಾಡಲು ಸಿಗುವವರು ಬೆರಳೆಣಿಕೆಯಷ್ಟೇ.

ಲೆಕ್ಕ ಕೇಳುವುದು ತಪ್ಪಲ್ಲ. ಸಾರ್ವಜನಿಕರ ದುಡ್ಡಿಗೆ ಜವಾಬು ಬೇಕೇ ಬೇಕು. ಆದರೆ ಐವತ್ತು ಲಕ್ಷಕ್ಕೆ ಹೊಲಿದ ಅಂಗಿಯನ್ನು ಐವತ್ತು ಸಾವಿರಕ್ಕೂ ತೊಡಿಸಿದರೆ ಒಳಗಿನ ಮಗು ಕಾಣುವುದಿಲ್ಲ. ಸಣ್ಣ ಅನುದಾನಕ್ಕೆ ಸಣ್ಣ ಅರ್ಜಿ ಸಾಕು. ಕಲಿಸುವವರ ಕೂಲಿಗೆ ಒಂದು ಸಾಲು ಇರಲಿ, ಕೆಟ್ಟುಹೋದ ಕೆಲಸದಿಂದ ಏನು ಕಲಿತಿರಿ ಎಂದು ಕೇಳಲು ಇನ್ನೊಂದು.

ಗೆಳತಿಗೆ ಅನುದಾನ ಸಿಕ್ಕಿತು. ಮಣ್ಣಿಗೆ ಅವಳೇ ಕೈಬರಹದಲ್ಲಿ ವೋಚರ್ ಬರೆದು, ಬುಟ್ಟಿ ಇಳಿಸಿದವನಿಂದ ಸಹಿ ಹಾಕಿಸಿಕೊಂಡಳು. ಅವನು ಕೈ ಒರೆಸಿಕೊಳ್ಳದೆ ಪೆನ್ನು ಹಿಡಿದಿದ್ದ. ಸಹಿಯ ಪಕ್ಕ ಐದೂ ಬೆರಳಿನ ಮಣ್ಣಿನ ಗುರುತು ಮೂಡಿತ್ತು. ಇಷ್ಟು ಗಟ್ಟಿ ಸಾಕ್ಷಿ ಇನ್ನೆಲ್ಲಿ ಸಿಕ್ಕೀತು ಎಂದು ಇಬ್ಬರೂ ನಕ್ಕೆವು. ಮೂರು ವಾರಕ್ಕೆ ಅದು ವಾಪಸು ಬಂತು. ‘ದಾಖಲೆ ಕೊಳೆಯಾಗಿದೆ. ದಯವಿಟ್ಟು ಶುಭ್ರ ಪ್ರತಿ ಕಳುಹಿಸಿ.’