ಮಗು ಮಾತಾಡುವ ಮುನ್ನ

ಪೊಲೀಸ್ ತರಬೇತಿಗೆಂದು ತಯಾರಾಗುವ ಅನಿಮೇಶನ್ ವಿಡಿಯೊಗಳಿಗೆ ಈಗ ಒಳ್ಳೆಯ ಹೆಸರಿದೆ. 2024ರ ಜುಲೈ 1ರಂದು ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ ಮೇಲಂತೂ ಅವುಗಳ ಬೆಲೆ ಇನ್ನಷ್ಟು ಏರಿತು. ಐಪಿಸಿ ಸೆಕ್ಷನ್‌ಗಳನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ಸರ್ವಿಸ್ ಮಾಡಿದವರಿಗೆ 302 ಇನ್ನು ಮೇಲೆ 103, 420 ಇನ್ನು ಮೇಲೆ 318 ಎಂದು ಬೇಗ ಮುಟ್ಟಿಸಬೇಕಿತ್ತು. ಶೋಧ, ಜಪ್ತಿ ನಡೆಸುವಾಗ ವಿಡಿಯೊ ಚಿತ್ರೀಕರಣ ಕಡ್ಡಾಯ ಎಂಬ, ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ನನ್ನು ಬೀಟ್ ಮುಗಿಸಿ ಬಂದವರಿಗೂ ಅರ್ಥವಾಗುವಂತೆ ಹೇಳಬೇಕಿತ್ತು. ಇಂಥ ಕೆಲಸಕ್ಕೆ ಐದಾರು ನಿಮಿಷದ ಅನಿಮೇಶನ್ ಸಾಕು. ಪಂಚರು ಎಲ್ಲಿ ನಿಲ್ಲಬೇಕು, ಮೊಬೈಲ್ ಕ್ಯಾಮೆರಾ ಯಾವಾಗ ಶುರುವಾಗಬೇಕು, ಜಪ್ತಿ ಪಟ್ಟಿಗೆ ಸಹಿ ಹಾಕುವುದು ಫ್ರೇಮಿನೊಳಗೆ ಬರಬೇಕು ಎಂಬುದೆಲ್ಲ ಚಿತ್ರದಲ್ಲಿ ಸಲೀಸಾಗಿ ತಿಳಿಯುತ್ತದೆ. ಅಷ್ಟರ ಮಟ್ಟಿಗೆ ಆ ಹೆಸರು ನ್ಯಾಯವಾದದ್ದೇ.

ನನ್ನ ತಕರಾರು ಅಲ್ಲಿಂದ ಮುಂದಕ್ಕೆ. ಮಹಜರಿಗೆ ಒಗ್ಗಿದ ಈ ಶೈಲಿಯನ್ನು ಎತ್ತಿ ಹಾಗೇ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಪ್ರಕರಣಗಳ ಮೇಲೆ ಹೊರಿಸಲಾಗಿದೆ. ಅಲ್ಲಿ ಅದು ಸೋಲುತ್ತದೆ. ಸೋತದ್ದು ಯಾರ ಕಣ್ಣಿಗೂ ಬೀಳದ ಹಾಗೆ ಸೋಲುತ್ತದೆ.

ಮಗುವಿನ ಹೇಳಿಕೆ ದಾಖಲಿಸುವ ದೃಶ್ಯ ಈ ವಿಡಿಯೊಗಳಲ್ಲಿ ಹೆಚ್ಚುಕಮ್ಮಿ ಒಂದೇ ಅಚ್ಚಿನಲ್ಲಿ ಬರುತ್ತದೆ. ಒಂದು ಮನೆ, ಮುಂದೆ ಹೂಕುಂಡ. ಕರೆಗಂಟೆ ಸದ್ದು. ಮಫ್ತಿಯಲ್ಲಿರುವ ಮಹಿಳಾ ಎಸ್‌ಐ ಒಳಗೆ ಬರುತ್ತಾರೆ. ತಾಯಿ ಸೋಫಾ ತೋರಿಸುತ್ತಾಳೆ, ಮಗು ತಾಯಿಗೆ ಒರಗಿ ಕೂತಿದೆ. ಎಸ್‌ಐ ನಗುತ್ತಾರೆ. ಕಟ್. ಮರುಕ್ಷಣ ಮಗು ಮಾತಾಡುತ್ತಿದೆ, ಎಸ್‌ಐ ಬರೆದುಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಹಸಿರು ಟಿಕ್ ಮಾರ್ಕುಗಳು ಒಂದೊಂದಾಗಿ ಮೂಡುತ್ತವೆ: ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಇಲ್ಲ, ಪೋಷಕರ ಹಾಜರಿ, ಮಗು ಹೇಳಿದಂತೆಯೇ ಬರಹ.

ಆ ಕಟ್ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಪೋಕ್ಸೋ ಕಾಯ್ದೆಯ 24 ಮತ್ತು 26ನೇ ಸೆಕ್ಷನ್‌ಗಳು ಒಬ್ಬ ಅಧಿಕಾರಿಯಿಂದ ಬೇಡುವ ಕೆಲಸವೆಲ್ಲ ನಡೆಯುವುದು ಆ ಕಟ್‌ನ ಒಳಗೇ. ನಗು ಮುಗಿದ ಮೇಲೆ, ಮೊದಲ ಮಾತಿಗೆ ಮುಂಚೆ. ಮಗು ಸುಮ್ಮನಿದೆ, ನೆಲ ನೋಡುತ್ತಿದೆ, ಕಿಟಕಿಯ ಸರಳನ್ನು ಕೆರೆಯುತ್ತಿದೆ. ಎಸ್‌ಐ ಆಗ ಏನು ಮಾಡಬೇಕು? ಕೇಳಿದ್ದನ್ನೇ ಮತ್ತೆ ಕೇಳಬೇಕೆ, ಬೇರೆ ಮಾತೆತ್ತಬೇಕೆ, ಎದ್ದು ನಾಳೆ ಬರುತ್ತೇನೆ ಎನ್ನಬೇಕೆ? ಮಗು ಹೇಳಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಿದರೆ ಆ ಹೇಳಿಕೆ ಕೋರ್ಟ್‌ನಲ್ಲಿ ಏನಾಗುತ್ತದೆ? ಅಧಿಕಾರಿ ತರಬೇತಿಗೆ ಬಂದದ್ದು ಇದನ್ನು ಕಲಿಯಲು. ವಿಡಿಯೊ ಇದನ್ನೇ ಕತ್ತರಿಸಿ ಬಿಸಾಡಿದೆ.

ಇನ್ನು ಆ ಮನೆ. ಬೆಂಗಳೂರಿನ ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದ ಕಡೆ ದುಡಿಯುವ ಎಸ್‌ಐಗೆ ಹೂಕುಂಡದ ಮನೆ ಎಷ್ಟು ಸಲ ಸಿಕ್ಕೀತು? ವಠಾರದಲ್ಲಿ ಗೋಡೆಗೆ ಗೋಡೆ ಅಂಟಿದೆ, ಈ ಮನೆಯ ಕೆಮ್ಮು ಆ ಮನೆಗೆ ಕೇಳುತ್ತದೆ. ಕೆಂಗೇರಿಯಾಚೆ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡಿನಲ್ಲಿ ಬಾಗಿಲೆಂದರೆ ಒಂದು ಸೀರೆ. ಕಾನೂನು ಇದನ್ನು ಮರೆತಿಲ್ಲ. ಮಗುವಿನ ಮನೆಯಲ್ಲಿ, ಅದು ಸಾಮಾನ್ಯವಾಗಿ ಇರುವ ಜಾಗದಲ್ಲಿ, ಅಥವಾ ಅದು ಬಯಸಿದ ಜಾಗದಲ್ಲಿ ಹೇಳಿಕೆ ಪಡೆಯಿರಿ ಎನ್ನುತ್ತದೆ. ಕೊನೆಯ ಆಯ್ಕೆ ವಿಡಿಯೊದಲ್ಲಿ ಇಲ್ಲ. ಮಗುವಿಗೆ ನಂಬಿಕೆಯಿರುವ ಬೇರೆ ಯಾರಾದರೂ ಜೊತೆಗಿರಬಹುದು ಎಂದೂ ಕಾನೂನು ಹೇಳುತ್ತದೆ. ವಿಡಿಯೊದಲ್ಲಿ ತಾಯಿಯೊಬ್ಬಳೇ. ಆರೋಪಿ ಆ ಮನೆಯವನೇ ಆಗಿದ್ದು, ತಾಯಿಯ ಊಟ, ಬಾಡಿಗೆ ಅವನ ಸಂಬಳದಲ್ಲೇ ನಡೆಯುತ್ತಿದ್ದರೆ? ಆಗ ಸೋಫಾದ ಮೇಲೆ ಮಗು ಯಾರಿಗೆ ಒರಗಬೇಕು?

ಸಮವಸ್ತ್ರ ಇಲ್ಲ ಎಂಬ ಟಿಕ್ ಮಾರ್ಕನ್ನೇ ಇನ್ನೊಮ್ಮೆ ನೋಡಿ. ಎಸ್‌ಐ ಚೂಡಿದಾರದಲ್ಲಿ ಬಂದರು, ಸರಿ. ಬಂದದ್ದು ಯಾವುದರಲ್ಲಿ? ಗಲ್ಲಿಯ ತುದಿಯಲ್ಲಿ ಪೊಲೀಸರ ಹೊಯ್ಸಳ ಗಸ್ತು ವಾಹನ ನಿಂತರೆ ಇಡೀ ಬೀದಿ ಬಾಗಿಲಿಗೆ ಬರುತ್ತದೆ. ಮಫ್ತಿ ಉಡುಪಿನಿಂದ ಕಾನೂನು ಕಾಯಲು ಹೊರಟದ್ದೆಲ್ಲ ಆ ಒಂದು ಗಾಡಿಯಿಂದ ಹೋಗುತ್ತದೆ. ವಿಡಿಯೊ ಬೀದಿಯನ್ನೇ ಬರೆದಿಲ್ಲ. ಕರೆಗಂಟೆಯಿಂದಲೇ ಶುರು.

ಭಾಷೆಯದೂ ಇದೇ ಕತೆ. ಪೀಣ್ಯದ ಸುತ್ತ ಒಡಿಯಾ, ಹಿಂದಿ ಆಡುವ ಮಕ್ಕಳಿದ್ದಾರೆ, ಯಾದಗಿರಿಯ ಕನ್ನಡ ಆಡುವ ಮಕ್ಕಳಿದ್ದಾರೆ. ಬೇಕಾದಾಗ ಅನುವಾದಕರ, ಮಗುವಿಗೆ ಅಂಗವೈಕಲ್ಯವಿದ್ದರೆ ವಿಶೇಷ ಶಿಕ್ಷಕರ ನೆರವು ಪಡೆಯಲು 26ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ವಿಡಿಯೊದ ಮಗು ಪಠ್ಯಪುಸ್ತಕದ ಕನ್ನಡದಲ್ಲಿ, ಪೂರ್ಣ ವಾಕ್ಯಗಳಲ್ಲಿ, ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳುತ್ತದೆ. ನೊಂದ ಮಗು ಹಾಗೆ ಹೇಳುವುದಿಲ್ಲ. ಹಾಗೆ ಹೇಳಲಿಲ್ಲವೆಂದು ಅನುಮಾನಿಸುವ ಅಧಿಕಾರಿಯನ್ನು ಈ ವಿಡಿಯೊ ತಾನೇ ತಯಾರು ಮಾಡುತ್ತಿದೆ.

ಇದು ಕಲೆಯ ಪ್ರಶ್ನೆ ಮಾತ್ರವಲ್ಲ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ ಕರ್ನಾಟಕದ ಪೋಕ್ಸೋ ವಿಶೇಷ ನ್ಯಾಯಾಲಯಗಳ ಬಗ್ಗೆ 2017ರಲ್ಲಿ ಅಧ್ಯಯನ ವರದಿ ತಂದಿತು. ಮಕ್ಕಳು ವಿಚಾರಣೆಯ ಹೊತ್ತಿಗೆ ಪ್ರತಿಕೂಲ ಸಾಕ್ಷಿಗಳಾಗುವುದು ಅಲ್ಲಿ ಎದ್ದು ಕಾಣುವ ಸಂಗತಿ. ಅದಕ್ಕೆ ಕಾರಣ ಹಲವು: ಮನೆಯವರ ಒತ್ತಡ, ತಡ, ಹೆದರಿಕೆ. ಆದರೆ ಮೊದಲ ಹೇಳಿಕೆಯ ದಿನ ಮಗುವನ್ನು ಹೇಗೆ ಕೇಳಿಸಿಕೊಂಡರು ಎಂಬುದು ಆ ಪಟ್ಟಿಯಿಂದ ಹೊರಗಿರಲಾರದು ಎಂದು ನಾನು ನಂಬುತ್ತೇನೆ. ಸ್ಕ್ರಿಪ್ಟ್ ಬರೆಯುವವರು ಆ ವರದಿಯನ್ನು ಎದುರಿಗಿಟ್ಟುಕೊಂಡು ಬರೆಯಬಹುದು.

ಇಷ್ಟು ಹೇಳಿದ ಕೂಡಲೇ ಒಂದು ಗುಂಪು ನನ್ನ ಜೊತೆ ಸೇರಿಕೊಳ್ಳುತ್ತದೆ. ಅವರ ಜೊತೆ ನನಗೆ ಇನ್ನೂ ದೊಡ್ಡ ಜಗಳವಿದೆ. ಪೊಲೀಸರಿಗೆ ಕಾರ್ಟೂನ್ ತೋರಿಸುವುದೇ ಮಕ್ಕಳಾಟ, ನಟರನ್ನು ಇಟ್ಟು ನಿಜವಾದ ಠಾಣೆಯಲ್ಲಿ ಚಿತ್ರೀಕರಿಸಿ ಎನ್ನುವವರು ಇವರು. ಆ ದೃಶ್ಯಕ್ಕೆ ಎಂಟು ವರ್ಷದ ಮಗುವನ್ನು ಎಲ್ಲಿಂದ ತರುತ್ತೀರಿ? ಅದರ ಬಾಯಲ್ಲಿ ಏನನ್ನು ಹೇಳಿಸುತ್ತೀರಿ? ಎಷ್ಟು ಟೇಕ್? ಇನ್ನು ನಿಜವಾದ ಮಗುವಿನ ಹೇಳಿಕೆಯ ವಿಡಿಯೊ ಇದ್ದರೂ ಮಗುವಿನ ಗುರುತು ಹೊರಬೀಳದಂತೆ ಕಾನೂನೇ ತಡೆದಿದೆ, ತಡೆಯಲೇಬೇಕು. ಕ್ಯಾಮೆರಾ ಹೋಗಬಾರದ ಕೋಣೆ ಇದು. ಕುಂಚ ಮಾತ್ರ ಹೋಗಬಹುದಾದ ಕೋಣೆ. ಅನಿಮೇಶನ್ ಇಲ್ಲಿ ದುಡ್ಡುಳಿಸುವ ಬದಲಿ ವ್ಯವಸ್ಥೆಯಲ್ಲ, ಯೋಗ್ಯವಾದ ಒಂದೇ ಮಾಧ್ಯಮ.

ಅನಿಮೇಶನ್ ಗಂಭೀರವಲ್ಲ ಎನ್ನುವವರು 2021ರ ಡೆನ್ಮಾರ್ಕಿನ ‘ಫ್ಲೀ’ ನೋಡಬೇಕು. ಅಫ್ಘಾನಿಸ್ತಾನ ಬಿಟ್ಟು ಓಡಿಬಂದ ಒಬ್ಬನ ನಿಜವಾದ ಕತೆ. ಅವನ ಗುರುತು ಕಾಪಾಡಲೆಂದೇ ನಿರ್ದೇಶಕ ಯೋನಾಸ್ ಪೊಹೆರ್ ರಾಸ್ಮುಸೆನ್ ಅನಿಮೇಶನ್ ಆರಿಸಿಕೊಂಡರು. ಆತ ಮಲಗಿ, ಕಣ್ಣು ಮುಚ್ಚಿ ಹೇಳುತ್ತಾನೆ. ತಡವರಿಸುತ್ತಾನೆ. ನೆನಪು ಭಯದಲ್ಲಿ ಕಲಸಿಹೋದ ಕಡೆ ಬಣ್ಣದ ಚಿತ್ರವೇ ಕರಗಿ ಇದ್ದಿಲಿನ ಒರಟು ಗೆರೆಗಳಾಗುತ್ತದೆ, ಮುಖಗಳು ಅಳಿಸಿಹೋಗುತ್ತವೆ. ನೊಂದವರ ನೆನಪು ಹೇಗೆ ಒಡೆದಿರುತ್ತದೆ ಎಂದು ಪೊಲೀಸ್ ಅಧಿಕಾರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ತರಬೇತಿ ವಿಡಿಯೊದ ಕಟ್ ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲೇ ‘ಫ್ಲೀ’ ನಿಂತು ಕಾಯುತ್ತದೆ.

ಇನ್ನೊಂದು ಗುಂಪು ‘ಮೀನಾ’ಳನ್ನು ಸಾಕ್ಷಿಗೆ ಕರೆಯುತ್ತದೆ. ಯಾವ ಊರಿಗೂ ಸೇರದ ಮುಖ, ಯಾವ ಬೀದಿಯೂ ಅಲ್ಲದ ಮನೆ ಇದ್ದರೆ ಎಲ್ಲರಿಗೂ ಸಲ್ಲುತ್ತದೆ, ಯೂನಿಸೆಫ್‌ನ ಕಾರ್ಟೂನ್ ಹುಡುಗಿ ಮೀನಾ ದಕ್ಷಿಣ ಏಷ್ಯಾದಲ್ಲೆಲ್ಲ ಸಲ್ಲಲಿಲ್ಲವೇ ಎಂಬುದು ಅವರ ವಾದ. ಫಿಲ್ಮ್ಸ್ ಡಿವಿಷನ್‌ನಲ್ಲಿ ಪಳಗಿದ ರಾಮ್ ಮೋಹನ್ ಆ ಹುಡುಗಿಯನ್ನು ರೂಪಿಸುವಾಗ ಕರಡು ಚಿತ್ರಗಳನ್ನು ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ನೇಪಾಳದ ಹಳ್ಳಿಗಳಿಗೆ ಒಯ್ದು ತೋರಿಸಿ, ಬಟ್ಟೆಯಿಂದ ಮನೆಯವರೆಗೆ ಜನ ಹೇಳಿದಂತೆ ತಿದ್ದಲಾಯಿತು. ನಾಲ್ಕೂ ದೇಶಗಳ ಮಕ್ಕಳು ನಮ್ಮವಳು ಅಂದದ್ದು ಆ ತಿದ್ದುವಿಕೆಯಿಂದ. ಟೆಂಪ್ಲೇಟಿನಿಂದ ಎತ್ತಿದ ಸೋಫಾಕ್ಕೆ ಆ ಹಕ್ಕು ಎಲ್ಲಿಂದ ಬಂತು? 2012ರಷ್ಟು ಹಿಂದೆಯೇ ಅನಿಮೇಶನ್‌ಗೆ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಹೊರದೇಶದ ಚಿತ್ರಗಳಿಗೆ ಕೂದಲೆಳೆ ಕೂದಲೆಳೆಯಾಗಿ ದುಡಿಯುವ ಕಲಾವಿದರು ಈ ನಗರದಲ್ಲಿದ್ದಾರೆ. ಒಂದು ವಠಾರ ಬರೆಯಲು ಕೈ ಬಾರದವರಲ್ಲ, ಬರೆಯಿರಿ ಎಂದು ಅವರಿಗೆ ಯಾರೂ ಹೇಳಿಲ್ಲ.

ವಿಡಿಯೊ ಮುಗಿದ ಮೇಲೆ ಬರುವ ಪ್ರಶ್ನೆಗಳೂ ಆ ಟಿಕ್ ಮಾರ್ಕುಗಳಿಂದಲೇ ಹುಟ್ಟಿದವು: ಅಧಿಕಾರಿಯ ದರ್ಜೆ ಯಾವುದು, ಮಕ್ಕಳ ಕಲ್ಯಾಣ ಸಮಿತಿಗೆ ಎಷ್ಟು ಗಂಟೆಯೊಳಗೆ ವರದಿ ಕೊಡಬೇಕು. ಸಬ್ ಇನ್‌ಸ್ಪೆಕ್ಟರ್, 24 ಗಂಟೆ ಎಂದು ಒತ್ತಿದರೆ ಪಾಸು. ಇದು ಬದಲಾಗಬೇಕಾದರೆ ಸ್ಟೋರಿಬೋರ್ಡನ್ನು ಈಗಿನಂತೆ ಮೊದಲು ಕಾನೂನು ವಿಭಾಗಕ್ಕೆ ಕಳಿಸಿ ಒಪ್ಪಿಗೆ ಪಡೆಯುವ ಬದಲು, ಇಂಥ ಹೇಳಿಕೆಗಳನ್ನು ನಿಜವಾಗಿ ಬರೆದುಕೊಂಡ ಮಹಿಳಾ ಎಸ್‌ಐಗಳ ಮುಂದೆ ಹರಡಬೇಕು. ಆ ಕಟ್ ಇರುವ ಜಾಗಕ್ಕೆ ಬಂದಾಗ ನೀವು ಏನು ಮಾಡಿದಿರಿ ಎಂದು ಕೇಳಿ, ಅವರು ಹೇಳಿದ್ದಕ್ಕೆ ಐದು ನಿಮಿಷದಲ್ಲಿ ಮೂರು ನಿಮಿಷ ಕೊಡಬೇಕು. ಸೆಕ್ಷನ್ ನಂಬರುಗಳಿಗೆ ಉಳಿದ ಎರಡು ನಿಮಿಷ ಧಾರಾಳವಾಯಿತು.