ಹಸೆಯ ಹಾಡೂ ಗಾನಮೇಳವೂ

ನಮ್ಮ ಕಡೆಯ ಮದುವೆಗಳಲ್ಲಿ ಛತ್ರ, ಅಡಿಗೆಯವರು, ಪುರೋಹಿತರು, ವಾದ್ಯದವರು, ಫೊಟೋದವರು ಎಂದು ಎಲ್ಲವೂ ನಿಶ್ಚಯವಾಗಿ ಸುಧರಿಕೆಯವರ ಪಟ್ಟಿಯೂ ಆದ ಮೇಲೆ 'ಹಾಡಿಗೆ ಯಾರು?' ಎಂಬ ಮಾತು ಬರುತ್ತದೆ. ಉತ್ತರ ಎರಡು. ಧಾರೆಯ ಹೊತ್ತಿಗೆ ದೊಡ್ಡಮ್ಮನೋ ಅತ್ತೆಯೋ ಇದ್ದಾರೆ. ಸಂಜೆಯ ಸತ್ಕಾರಕ್ಕೆ ಗಾನಮೇಳದವರಿಗೆ ಮುಂಗಡ ಕೊಟ್ಟಾಗಿದೆ. ಮೊದಲಿನವರಿಗೆ ಮೈಕು ಇಲ್ಲ. ಎರಡನೆಯವರ ಮೈಕಿಗೆ ಮಿತಿ ಇಲ್ಲ. ಈ ಎರಡನ್ನೂ ಸಾಹಿತ್ಯವೆಂದೇ ಎಣಿಸಿ ಬೆಲೆ ಕಟ್ಟಬಾರದೇಕೆ?

ಶೋಭಾನೆಯನ್ನು ನಮ್ಮ ವಿಮರ್ಶೆ ಜಾನಪದದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸಂಗ್ರಹಿಸುವವರು ಪಾಠಾಂತರ ಗುರುತಿಸುತ್ತಾರೆ, ಛಂದಸ್ಸು ಹೇಳುತ್ತಾರೆ. ಆ ಹಾಡು ಮಾಡುವ ಕೆಲಸವನ್ನು ಹೇಳುವವರು ಕಡಿಮೆ. ಹಸೆಗೆ ಕರೆಯುವ ಹಾಡು ಕರೆಯುತ್ತದೆ. ಕರೆದ ಮೇಲೆ ಮದುಮಗಳು ಬರಬೇಕು. ಆರತಿಯ ಹಾಡು ತಟ್ಟೆ ಎತ್ತಿದಾಗ ಎದ್ದು, ಇಳಿಸಿದಾಗ ಇಳಿಯಬೇಕು. ಹೊತ್ತಿಗೆ ತಕ್ಕಂತೆ ನುಡಿಗಳನ್ನು ಏರಿಸುವ, ಕಳೆಯುವ ವಿವೇಕ ಹಾಡುವವಳದ್ದು. ಬೀಗರ ಹಾಡಿನಲ್ಲಿ ಗಂಡಿನ ಕಡೆಯವರ ಹೊಟ್ಟೆಯನ್ನೂ ಜಿಪುಣತನವನ್ನೂ ಬಾಯ್ತುಂಬ ಹಂಗಿಸಿದ ಅದೇ ಹೆಂಗಸರು, ಹೆಣ್ಣೊಪ್ಪಿಸುವ ಹಾಡಿನಲ್ಲಿ ಅದೇ ಬೀಗರ ಮುಂದೆ ಸೆರಗೊಡ್ಡಿ ನಿಲ್ಲುತ್ತಾರೆ. ಹಾಸ್ಯ ಮೊದಲು, ದೈನ್ಯ ಆಮೇಲೆ. ಈ ಕ್ರಮವೇ ಒಂದು ನಾಟಕ. ಇಪ್ಪತ್ತು ನಿಮಿಷದೊಳಗೆ ಎಲ್ಲ ಮುಗಿಸಿ ಎಂದು ಫೊಟೋದವನು ಅವಸರಿಸಿದಾಗ ಮೊದಲು ಬಿದ್ದುಹೋಗುವುದು ಬೀಗರ ಹಾಡು. ಆಗ ಉಳಿಯುವುದು ಬರಿಯ ಅಳು.

ಮಾಧ್ವ ಮನೆಗಳಲ್ಲಿ ಹಾಡುವ ವಾದಿರಾಜರ 'ಲಕ್ಷ್ಮೀ ಶೋಭಾನೆ'ಯನ್ನೇ ನೋಡಿ. ನೂರು ದಾಟುವ ನುಡಿಗಳು. ಕಡಲಿನಿಂದ ಹುಟ್ಟಿಬಂದ ಲಕ್ಷ್ಮಿ, ನೆರೆದ ದೇವತೆಗಳಲ್ಲಿ ಒಬ್ಬೊಬ್ಬರ ಕುಂದನ್ನೂ ಅಳೆದು ತೂಗಿ, ಕೊನೆಗೆ ತಾನಾಗಿ ವಿಷ್ಣುವಿಗೆ ಮಾಲೆ ಹಾಕುತ್ತಾಳೆ. ವರನನ್ನು ಹೆಣ್ಣೇ ಪರೀಕ್ಷಿಸುವ ಕಾವ್ಯವಿದು. ಇದನ್ನು ತಲೆ ತಗ್ಗಿಸಿ ಕುಳಿತ ಹುಡುಗಿಯ ಮುಂದೆ ಹಾಡುತ್ತ ಬಂದಿದ್ದೇವೆ! ಅರ್ಥ ತಿಳಿದು ಹಾಡಿದರೆ ಯಾವ ಭಾವಗೀತೆಯೂ ಇದರಷ್ಟು ದಿಟ್ಟವಾಗಿ ಕೇಳಿಸಲಾರದು.

ವಾದ್ಯದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಾಗಸ್ವರದ ಮನೆತನದಿಂದ ಬಂದ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೋಫೋನನ್ನು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಕರಾವಳಿಯ ಮದುವೆ ಚಪ್ಪರಗಳಿಗೂ ಅದು ಬಂತು. ಹಳಬರು ಗೊಣಗಬಹುದು. ಆದರೆ ಮಾಂಗಲ್ಯದ ಹೊತ್ತಿಗೆ ಗಟ್ಟಿಮೇಳ ಸಲ್ಲುತ್ತದೆ, ಅಪಸ್ವರ ಕಿವಿಗೆ ಬೀಳುವುದಿಲ್ಲ, ಕೆಲಸ ಕೆಡಲಿಲ್ಲ.

ಕೆಡುತ್ತಿರುವುದು ಬೇರೆ ಕಡೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿ, ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಅಜ್ಜಿಯ ಹಾಡನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನನಗೆ ಅದು ಗೌರವದ ಕೆಲಸವೆನಿಸುತ್ತದೆ. ಲಿಪಿ ಬಿಟ್ಟುಹೋದರೂ ಹಾಡನ್ನು ಬಿಡದವರು ಅವರು. ತೊಡಕು ಉಚ್ಚಾರದ್ದು. ಸ್ವರಗಳ ನಡುವಿನ ಒಂಟಿ ತ-ಕಾರವನ್ನು ಸಡಿಲಿಸುವುದು ಮಲಯಾಳದ ರೂಢಿಯಾದ್ದರಿಂದ 'ಆರತಿ' ಬಾಯಲ್ಲಿ 'ಆರದಿ'ಯ ಹತ್ತಿರ ಹೋಗುತ್ತದೆ, 'ಅಕ್ಷತೆ' 'ಅಕ್ಷದೆ'ಯಾಗುತ್ತದೆ. ಬರೆದದ್ದು ಸರಿಯೇ, ಓದಿದ್ದೂ ಆ ಭಾಷೆಗೆ ಸರಿಯೇ; ಹಾಡು ಮಾತ್ರ ಒಂದಿಷ್ಟು ಜಾರಿರುತ್ತದೆ.

ಇನ್ನು ಗಾನಮೇಳ. ಮಲಯಾಳ ಸಿನೆಮಾ ಹಾಡು ಬಂದದ್ದರಿಂದ ಕನ್ನಡ ಹೋಯಿತೆಂಬ ದೂರು ನನ್ನದಲ್ಲ. 1954ರ 'ನೀಲಕ್ಕುಯಿಲ್' ಚಿತ್ರಕ್ಕೆ ಪಿ. ಭಾಸ್ಕರನ್ ಬರೆದು ಕೆ. ರಾಘವನ್ ರಾಗ ಹಾಕಿದ ಹಾಡುಗಳು ಮಾಪ್ಪಿಳ ಪಾಟ್ಟಿನ, ನಾಡ ಹಾಡಿನ ಧಾಟಿಯನ್ನು ತೆರೆಗೆ ತಂದವು. ಆ ಪರಂಪರೆಯ ಹಾಡುಗಳು ಮದುವೆಮನೆಯಲ್ಲಿ ಹೊಂದಿಕೊಳ್ಳುತ್ತವೆ; ಅವು ಹುಟ್ಟಿದ್ದೇ ಅಂಗಳದ ದನಿಯಿಂದ. ಅವುಗಳ ನಡುವೆ 'ಕನ್ನಡದ್ದೂ ಒಂದಿರಲಿ' ಎಂದು ನಾವು ತುರುಕುವುದು ಹೆಚ್ಚಾಗಿ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯ (1942) ಕವಿತೆ. ದಾಂಪತ್ಯದ ಕವಿಯೆಂದು ಆರಿಸುವುದು ಸರಿಯೇ. ಆದರೆ ಆ ಕವಿತೆಗಳ ದನಿ ಇಬ್ಬರ ನಡುವಿನ ಪಿಸುಮಾತಿನದು. ಅದರ ಮೇಲೆ ಡ್ರಮ್ಮು, ಕೀಬೋರ್ಡು ಹೇರಿ, ಐನೂರು ಜನ ಊಟದ ಸಾಲಿನಲ್ಲಿ ನಿಂತಿರುವಾಗ ಕೂಗಿಸಿದರೆ ಮಾತು ಯಾರಿಗೂ ತಲುಪುವುದಿಲ್ಲ. ಹೆಂಡತಿ ತವರಿಗೆ ಹೋದ ವಿರಹದ ಕವಿತೆಯನ್ನು ಮದುವೆಯ ದಿನವೇ ಹಾಡಿಸುವುದಂತೂ ಪುಸ್ತಕ ತೆರೆದು ನೋಡದವರ ಆಯ್ಕೆ.

ಹಾಗಾದರೆ ಶೋಭಾನೆಯನ್ನೇ ವೇದಿಕೆಗೆ ಏರಿಸೋಣ ಎನ್ನುವ ಉತ್ಸಾಹಿಗಳಿಗೆ ಒಪ್ಪನದ ಉದಾಹರಣೆ ಇದೆ. ಮಾಪ್ಪಿಳ ಮನೆಗಳಲ್ಲಿ ಮದುಮಗಳ ಸುತ್ತ ಕೈತಟ್ಟಿ ಹಾಡುತ್ತಿದ್ದದ್ದು ಶಾಲಾ ಕಲೋತ್ಸವದ ಸ್ಪರ್ಧೆಯಾದಾಗ ಶಿಸ್ತು ಬಂತು, ಬೆಡಗು ಬಂತು, ನೋಡುವವರು ಬಂದರು. ನಡುವೆ ಕುಳಿತವಳು ಮಾತ್ರ ವೇಷದ ಮದುಮಗಳು. ನಮ್ಮ ಹಾಡಿಗೆ ಆ ಗತಿ ಬಾರದಿರಬೇಕಾದರೆ ಅದು ಹಸೆಯ ಬಳಿಯೇ ಇರಬೇಕು, ಮೈಕನ್ನು ಅಲ್ಲಿಗೆ ಒಯ್ಯಬೇಕು.

ಮದುವೆ ಇಟ್ಟುಕೊಂಡವರು ಗಾನಮೇಳದವರೊಡನೆ ಮಾತಾಡುವ ಮೊದಲು ಮನೆಯ ಹಿರಿಯ ಹೆಂಗಸರ ಹತ್ತಿರ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಯಾವ ಹಾಡು ಯಾವ ಕ್ರಿಯೆಗೆ, ಎಷ್ಟು ನುಡಿ, ಎತ್ತುವವರು ಯಾರು, ದನಿಗೂಡಿಸುವವರು ಯಾರು ಎಂದು ಬರೆದುಕೊಂಡು ಪುರೋಹಿತರಿಗೂ ಫೊಟೋದವರಿಗೂ ಒಂದೊಂದು ಪ್ರತಿ ಕೊಡಿ. ಬೀಗರ ಹಾಡಿಗೆ ಹತ್ತು ನಿಮಿಷ ಬಿಡಿ. ಪುಸ್ತಕದ ಎಡಬದಿಗೆ ಕನ್ನಡ, ಬಲಬದಿಗೆ ಮಲಯಾಳ ಲಿಪಿ ಇರಲಿ. ಗಟ್ಟಿಯಾಗಿ ನುಡಿಯಬೇಕಾದ ತ-ಕಾರಗಳ ಕೆಳಗೆ ಕೆಂಪು ಶಾಯಿಯ ಗೆರೆ ಹಾಕಿದರೆ ಹುಡುಗಿಯರಿಗೆ ಸಾಕಾಗುತ್ತದೆ.